ಟರ್ಬೊ ಕಾರಿಗೆ ಕೋಲ್ಡ್ ಏರ್ ಇಂಟೇಕ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಹತ್ತು ಹನ್ನೆರಡು ವರ್ಷಗಳ ಹಿಂದೆ ಟರ್ಬೊ ಎಂಬ ಮಾತು ಗಡಿನಾಡಿನ ನಮ್ಮ ಮನೆಗಳಲ್ಲಿ ಕೇಳಿಬರುತ್ತಿದ್ದುದು ಹೆಚ್ಚಾಗಿ ಡೀಸೆಲ್ ಜೀಪು, ಲಾರಿಗಳ ಪ್ರಸ್ತಾಪ ಬಂದಾಗ. 2017ರಲ್ಲಿ ಮಾರುತಿ ಸುಜುಕಿ ಬಲೆನೊ ಆರ್‌ಎಸ್ ಮತ್ತು ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ, 2020ರಲ್ಲಿ ಫೋಕ್ಸ್‌ವ್ಯಾಗನ್ ಪೊಲೊ 1.0 ಟಿಎಸ್‌ಐ ಬಂದ ಬಳಿಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿಯೂ ಟರ್ಬೊ ಸಾಮಾನ್ಯವಾಯಿತು. ಅದರ ಬೆನ್ನಿಗೇ ಒಂದು ಹೊಸ ಬೇಡಿಕೆಯೂ ಮನೆಯೊಳಗೆ ಬಂದಿದೆ. ಕಾಲೇಜಿಗೆ ಹೋಗುವ ಮಗನೋ ಮಗಳೋ, ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮನೋ, ಕೋಲ್ಡ್ ಏರ್ ಇಂಟೇಕ್ ಹಾಕಿಸಿದರೆ ಕಾರಿನ ಬಲ ಹೆಚ್ಚುತ್ತದೆ ಎನ್ನುತ್ತಾರೆ. ಬೆಲೆ ವಿಚಾರಿಸಿದರೆ ಇಪ್ಪತ್ತು ಸಾವಿರ ರೂಪಾಯಿ ದಾಟಿರುತ್ತದೆ. ಅಂಗಡಿಯವರ ವಿವರಣೆ ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಹೊಸೂರಿನಲ್ಲಿ ತಮಿಳಿನಲ್ಲಿ, ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ದೊರೆಯುತ್ತದೆ. ಪೆಟ್ಟಿಗೆಯೊಳಗಿನ ಕಾಗದ ಇಂಗ್ಲಿಷಿನಲ್ಲಿರುತ್ತದೆ. ಮನೆಯ ಹಿರಿಯರು ಕನ್ನಡದಲ್ಲಿ ಓದಿ ತೀರ್ಮಾನಿಸಬಲ್ಲ ವಿವರಣೆಯೊಂದು ಇರಲಿ ಎಂದು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಕನ್ನಡ ಶಾಲೆ ದೂರವಿರುವ ಅನೇಕ ಮನೆಗಳಲ್ಲಿ ಮಕ್ಕಳನ್ನು ಶಾಲೆಗೆ ಮುಟ್ಟಿಸುವುದೂ ಹಿರಿಯರನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ ಒಂದು ಕಾರು. ಅದು ಎರಡು ವಾರ ಗ್ಯಾರೇಜಿನಲ್ಲಿ ನಿಂತರೆ ಮನೆಯ ದಿನಚರಿಯೇ ಏರುಪೇರಾಗುತ್ತದೆ.

ಹೆಸರು ಮತ್ತು ವಸ್ತು

ಎಂಜಿನ್ನು ಉಸಿರಾಡುವ ಗಾಳಿಯನ್ನು ಹೊರಗಿನಿಂದ ತಂದು, ಸೋಸಿ, ಒಳಗೆ ಬಿಡುವ ವ್ಯವಸ್ಥೆಗೆ ಇಂಟೇಕ್ ಎಂದು ಹೆಸರು. ಕಂಪನಿಯೇ ಅಳವಡಿಸಿದ ಇಂಟೇಕ್‌ನಲ್ಲಿ ಮುಂಭಾಗದ ಜಾಲರಿಯ ಹಿಂದೆ ಬಾಯ್ದೆರೆದ ಒಂದು ಕೊಳವೆ, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಚಪ್ಪಟೆಯಾದ ಕಾಗದದ ಫಿಲ್ಟರ್, ಅಲ್ಲಿಂದ ಟರ್ಬೊಗೆ ಹೋಗುವ ನಳಿಕೆ ಇರುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಕೋಲ್ಡ್ ಏರ್ ಇಂಟೇಕ್ ಎಂದರೆ ಈ ಪೆಟ್ಟಿಗೆಯನ್ನು ತೆಗೆದು ಅದರ ಸ್ಥಾನದಲ್ಲಿ ದೊಡ್ಡ ಶಂಕುವಿನಾಕಾರದ ಫಿಲ್ಟರನ್ನೂ ಅಗಲವಾದ, ನುಣುಪಾದ ನಳಿಕೆಯನ್ನೂ ಕೂರಿಸುವ ಜೋಡಣೆ.

ಇಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಂಪನಿಯ ಪೆಟ್ಟಿಗೆಯೂ ತಣ್ಣನೆಯ ಗಾಳಿಯನ್ನೇ ಎಳೆಯುತ್ತದೆ. ಅದರ ಬಾಯಿ ಬಾನೆಟ್ಟಿನ ಮುಂದಿನ ಅಂಚಿನಲ್ಲಿ, ಎಂಜಿನ್ನಿನ ಬಿಸಿ ತಾಗದ ಕಡೆ ಇರುತ್ತದೆ. ಆದುದರಿಂದ ಬಿಸಿ ಗಾಳಿಯನ್ನು ಬಿಟ್ಟು ತಣ್ಣನೆಯ ಗಾಳಿಗೆ ಹೋಗುವ ಆಯ್ಕೆ ನಮ್ಮ ಮುಂದಿಲ್ಲ. ತಣ್ಣನೆಯ ಗಾಳಿ ಎಳೆಯುವ ಒಂದು ಪೆಟ್ಟಿಗೆಯ ಬದಲು ಅದಕ್ಕಿಂತ ಉತ್ತಮವೋ ಕೀಳೋ ಆಗಬಹುದಾದ ಇನ್ನೊಂದನ್ನು ಇಡುತ್ತಿದ್ದೇವೆ. ಮಾರಾಟದ ಮಾತಿನಲ್ಲಿ ಈ ಅಂಶ ಮರೆಯಾಗಿಬಿಡುತ್ತದೆ.

ತಣ್ಣನೆಯ ಗಾಳಿಯ ಲೆಕ್ಕ

ಚಾರ್ಲ್ಸ್ ನಿಯಮವನ್ನು ಶಾಲೆಯಲ್ಲಿ ಓದಿದ ಮಕ್ಕಳು ಇದನ್ನು ಮನೆಯಲ್ಲಿಯೇ ಲೆಕ್ಕ ಹಾಕಬಹುದು. ಒತ್ತಡ ಬದಲಾಗದಿದ್ದರೆ ಗಾಳಿಯ ಸಾಂದ್ರತೆಯು ಕೆಲ್ವಿನ್ ಮಾನದ ಉಷ್ಣತೆಗೆ ವಿಲೋಮವಾಗಿರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಎಂದರೆ 303 ಕೆಲ್ವಿನ್; 40 ಡಿಗ್ರಿ ಎಂದರೆ 313. ಮೊದಲಿನದನ್ನು ಎರಡನೆಯದರಿಂದ ಭಾಗಿಸಿದರೆ 0.968 ಬರುತ್ತದೆ. ಹತ್ತು ಡಿಗ್ರಿ ಏರಿದಾಗ ಅದೇ ಗಾತ್ರದ ಗಾಳಿಯಲ್ಲಿ ಆಮ್ಲಜನಕ ಶೇ 3ಕ್ಕಿಂತ ತುಸು ಹೆಚ್ಚು ಕಡಿಮೆಯಾಗುತ್ತದೆ. ಆಮ್ಲಜನಕ ಕಡಿಮೆಯಾದಷ್ಟೂ ಉರಿಸಬಹುದಾದ ಪೆಟ್ರೋಲ್ ಕಡಿಮೆ, ಬಲವೂ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಈ ಲೆಕ್ಕ ಹೆಚ್ಚುಕಡಿಮೆ ನೇರವಾಗಿ ಅನ್ವಯಿಸುತ್ತದೆ. ಕೋಲ್ಡ್ ಏರ್ ಇಂಟೇಕ್‌ನ ಕೀರ್ತಿ ಹುಟ್ಟಿದ್ದೂ ಅಂಥ ಎಂಜಿನ್ನುಗಳ ಕಾಲದಲ್ಲಿ.

ಟರ್ಬೊ ಬಂದಾಗ ಕಥೆ ಬೇರೆ. ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ, ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತುಗಳ ವೇಗದಲ್ಲಿ ತಿರುಗಿಸಿ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. 30 ಡಿಗ್ರಿಯ ಗಾಳಿಯನ್ನು ವಾತಾವರಣದ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಕಂಪ್ರೆಸರಿನ ದಕ್ಷತೆ ಶೇ 70 ಎಂದಿಟ್ಟುಕೊಂಡಾಗ, ಅದು ಹೊರಬರುವುದು ಸುಮಾರು 125 ಡಿಗ್ರಿಯಲ್ಲಿ. ಈ ಬಿಸಿಯನ್ನು ತಗ್ಗಿಸಲೆಂದೇ ಟರ್ಬೊ ಮತ್ತು ಎಂಜಿನ್ನಿನ ನಡುವೆ ಇಂಟರ್‌ಕೂಲರ್ ಇದೆ. ಅದು ಹೆಚ್ಚುವರಿ ಬಿಸಿಯ ಶೇ 70ರಷ್ಟನ್ನು ಹೊರಗೆ ಬಿಟ್ಟರೆ ಎಂಜಿನ್ನಿಗೆ ತಲಪುವ ಗಾಳಿ 58 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಈಗ ಟರ್ಬೊಗೆ ಹೋಗುವ ಗಾಳಿ 30ರ ಬದಲು 40 ಡಿಗ್ರಿ ಇದ್ದಿತೆಂದು ಭಾವಿಸೋಣ. ಟರ್ಬೊದಿಂದ ಅದು 138 ಡಿಗ್ರಿಯಲ್ಲಿ ಹೊರಬರುತ್ತದೆ, ಇಂಟರ್‌ಕೂಲರ್ ದಾಟಿದ ಮೇಲೆ 62ರಷ್ಟಾಗುತ್ತದೆ. ಬಾಗಿಲಲ್ಲಿದ್ದ ಹತ್ತು ಡಿಗ್ರಿಯ ವ್ಯತ್ಯಾಸ ಎಂಜಿನ್ನಿನ ಹತ್ತಿರ ಬರುವಷ್ಟರಲ್ಲಿ ನಾಲ್ಕಕ್ಕೆ ಇಳಿದಿದೆ. ಸಾಂದ್ರತೆಯ ಲೆಕ್ಕದಲ್ಲಿ ಅದು ಶೇ 1ಕ್ಕಿಂತ ಸ್ವಲ್ಪ ಹೆಚ್ಚು. 110 ಅಶ್ವಶಕ್ತಿಯ ಕಾರಿನಲ್ಲಿ ಒಂದೂಕಾಲು ಅಶ್ವಶಕ್ತಿ ಎನ್ನಿ. ಅಷ್ಟು ಸಣ್ಣ ವ್ಯತ್ಯಾಸವು ಬಲ ಅಳೆಯುವ ಯಂತ್ರದಲ್ಲಿ ಒಂದೇ ಕಾರನ್ನು ಎರಡು ಸಲ ಓಡಿಸಿದಾಗಲೂ ಕಾಣಿಸಿಕೊಳ್ಳುವುದುಂಟು. ಪೊಲೊದ 1.0 ಟಿಎಸ್‌ಐನಂತಹ ಎಂಜಿನ್ನುಗಳಲ್ಲಿ ಇಂಟರ್‌ಕೂಲರನ್ನು ಗಾಳಿಯ ಬದಲು ನೀರು ತಣಿಸುತ್ತದೆ. ಅಲ್ಲಿ ಆ ನೀರಿನ ಉಷ್ಣತೆಯೇ ಮುಖ್ಯವಾಗಿ, ಇಂಟೇಕ್‌ನ ಪಾತ್ರ ಮತ್ತಷ್ಟು ಕಿರಿದಾಗುತ್ತದೆ.

ಗಾಳಿಯ ಹಾದಿ ಸರಾಗವಾಗುವುದರ ಲಾಭವಾದರೂ ಎಷ್ಟು? ಫಿಲ್ಟರ್ ಮತ್ತು ನಳಿಕೆಗಳ ತಡೆಯಿಂದ ಒತ್ತಡದಲ್ಲಿ ಶೇ 3ರಷ್ಟು ಕಳೆದುಹೋಗುತ್ತದೆ ಎಂದುಕೊಂಡರೆ, ಅದೇ ಕೊನೆಯ ಒತ್ತಡವನ್ನು ಮುಟ್ಟಲು ಟರ್ಬೊ 2 ಪಟ್ಟಿನ ಬದಲು 2.06 ಪಟ್ಟು ಒತ್ತಬೇಕು. ಗಾಳಿ 125ರ ಬದಲು 129 ಡಿಗ್ರಿಗೆ ಕಾಯುತ್ತದೆ. ಇಂಟರ್‌ಕೂಲರ್ ಕಳೆದ ಮೇಲೆ ಉಳಿಯುವ ವ್ಯತ್ಯಾಸ ಒಂದು ಡಿಗ್ರಿ ಮಾತ್ರ. ಹಾದಿ ಸರಾಗವಾದರೆ ಟರ್ಬೊದ ಶ್ರಮ ತಗ್ಗುತ್ತದೆ, ಅದು ವೇಗಕ್ಕೆ ಬರುವುದು ಕ್ಷಣಾರ್ಧ ಬೇಗವಾಗಬಹುದು. ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ನೀಲಗಿರಿಯ ಓದುಗರಿಗೆ ಮಾತ್ರ ಇಲ್ಲೊಂದು ಸೇರ್ಪಡೆ ಅಗತ್ಯ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾತಾವರಣದ ಒತ್ತಡ ಕರಾವಳಿಯದರ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಕೆಳಗೆ 2 ಪಟ್ಟು ಒತ್ತಿದರೆ ಸಾಕಾಗುತ್ತಿದ್ದ ಟರ್ಬೊ ಅದೇ ಒತ್ತಡಕ್ಕೆ ಅಲ್ಲಿ 2.6 ಪಟ್ಟು ಒತ್ತಬೇಕಾಗುತ್ತದೆ. ಮೊದಲೇ ದಣಿಯುವ ಟರ್ಬೊಗೆ ಧೂಳು ಕಟ್ಟಿದ ಫಿಲ್ಟರ್ ಹೆಚ್ಚಿನ ಹೊರೆ. ಆದರೆ ಅದಕ್ಕೆ ಪರಿಹಾರ ಇಪ್ಪತ್ತು ಸಾವಿರದ ಜೋಡಣೆಯಲ್ಲಿಲ್ಲ, ಕೆಲವು ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರಿನಲ್ಲಿದೆ.

ತೀರ್ಮಾನ ಕಂಪ್ಯೂಟರಿನದು

ಇಂದಿನ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಎಷ್ಟು ಬಲ ಹೊರಬರಬೇಕೆಂಬುದನ್ನು ಇಸಿಯು ಎಂಬ ಎಂಜಿನ್ ಕಂಪ್ಯೂಟರ್ ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಕಾಲು ಒತ್ತಿದಾಗ ಇಷ್ಟು ತಿರುಚುಬಲ ಬೇಕು, ಅದಕ್ಕೆ ಇಷ್ಟು ಗಾಳಿ, ಅದಕ್ಕೆ ಇಷ್ಟು ಒತ್ತಡ ಎಂದು ಲೆಕ್ಕ ಹಾಕಿ, ಒತ್ತಡ ಗುರಿ ಮುಟ್ಟಿದೊಡನೆ ವೇಸ್ಟ್‌ಗೇಟ್ ಎಂಬ ಕದವನ್ನು ತೆರೆದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ. ನಾವು ಗಾಳಿಯ ದಾರಿಯನ್ನು ಎಷ್ಟೇ ಅಗಲ ಮಾಡಿದರೂ ಕಂಪ್ಯೂಟರ್ ಆ ಕದವನ್ನು ಸ್ವಲ್ಪ ಮೊದಲೇ ತೆರೆದು ಹಳೆಯ ಗುರಿಯಲ್ಲಿಯೇ ನಿಲ್ಲುತ್ತದೆ. ಹೆಚ್ಚು ಗಾಳಿ, ಹೆಚ್ಚು ಬಲ ಎಂಬ ಸರಳ ಸಮೀಕರಣ ಟರ್ಬೊ ಕಾರಿನಲ್ಲಿ ಮುರಿದುಬೀಳುವುದು ಇಲ್ಲಿ.

ಇಸಿಯುವಿನ ಗುರಿಯನ್ನೇ ಬದಲಿಸಿದ, ಅಂದರೆ ರೀಮ್ಯಾಪ್ ಮಾಡಿಸಿದ ಕಾರಿನಲ್ಲಿ ಇಂಟೇಕ್‌ಗೆ ನಿಜವಾದ ಕೆಲಸವಿದೆ. ಕಂಪನಿಯ ಪೆಟ್ಟಿಗೆಯನ್ನು ಯಾವ ಪ್ರಮಾಣದ ಗಾಳಿಗೆ ರೂಪಿಸಿದ್ದರೋ ಅದಕ್ಕಿಂತ ಹೆಚ್ಚು ಗಾಳಿ ಅಲ್ಲಿ ಹರಿಯಬೇಕಾಗುತ್ತದೆ. ಆದರೆ ರೀಮ್ಯಾಪ್ ಗೇರುಪೆಟ್ಟಿಗೆ, ಕ್ಲಚ್ಚು, ವಾರಂಟಿ, ಹೊಗೆಯ ನಿಯಮ ಎಲ್ಲವನ್ನೂ ಮುಟ್ಟುವ ಸಂಗತಿ. ಮನೆಮಂದಿಯ ಒಂದೇ ಕಾರಿಗೆ ಅದನ್ನು ನಾವು ಸಲಹೆ ಮಾಡಲಾರೆವು.

ಬೇಸಿಗೆಯ ಬಗ್ಗೆ ನ್ಯಾಯವಾಗಿ ಒಂದು ಮಾತು. ಆದೋನಿ, ರಾಯದುರ್ಗ, ಸೊಲ್ಲಾಪುರಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ, ಎಂಜಿನ್ನಿನೊಳಗೆ ಬಿಸಿ ಗಾಳಿ ಹೋಗಿ ಪೆಟ್ರೋಲ್ ಅಕಾಲದಲ್ಲಿ ಸಿಡಿಯುವ ಅಪಾಯ ಹೆಚ್ಚುತ್ತದೆ. ಅದನ್ನು ತಪ್ಪಿಸಲು ಇಸಿಯು ಕಿಡಿಯನ್ನು ತಡಮಾಡುತ್ತದೆ, ಕಾರು ಮಂದವಾದಂತೆ ತೋರುತ್ತದೆ. ತಂಪಾದ ಗಾಳಿ ಸಿಕ್ಕರೆ ಈ ಮಂದತೆ ಸ್ವಲ್ಪ ತಗ್ಗುವುದು ನಿಜ. ಆದರೆ ಅದನ್ನು ತಗ್ಗಿಸುವ ಶಕ್ತಿ ಹೆಚ್ಚಾಗಿ ಇಂಟರ್‌ಕೂಲರಿನ ಕೈಯಲ್ಲಿದೆ. ಅದರ ರೆಕ್ಕೆಗಳಲ್ಲಿ ಕಟ್ಟಿದ ಕೆಸರು, ಹುಳುಹುಪ್ಪಟೆಗಳನ್ನು ಹಗುರವಾದ ನೀರಿನಿಂದ ತೊಳೆಯಿಸುವುದು ಯಾವ ಇಂಟೇಕ್‌ಗಿಂತಲೂ ಅಗ್ಗದ ಉಪಾಯ.

ಹಾಗಾದರೆ ಹಾಕಿಸಿದವರಿಗೆ ಕಾರು ಚುರುಕಾಯಿತೆಂದು ಅನಿಸುವುದೇಕೆ? ಸದ್ದಿನಿಂದ. ಕಂಪನಿಯ ಪೆಟ್ಟಿಗೆ ಟರ್ಬೊದ ಶಿಳ್ಳೆಯನ್ನೂ ಗಾಳಿ ಹಿಂತಿರುಗುವ ಉಸಿರಿನ ಸದ್ದನ್ನೂ ಅಡಗಿಸುತ್ತದೆ. ತೆರೆದ ಫಿಲ್ಟರ್ ಅಡಗಿಸುವುದಿಲ್ಲ. ಕಿವಿಗೆ ಜೋರಾದುದು ಮನಸ್ಸಿಗೆ ವೇಗವಾಗಿ ಕಾಣುತ್ತದೆ. ಸದ್ದೇ ಬೇಕೆನ್ನುವವರು ಇದು ಸದ್ದಿಗೆ ಕೊಡುವ ಹಣ ಎಂದು ತಿಳಿದೇ ಕೊಡಲಿ. ಅದರಲ್ಲಿ ನಮ್ಮ ತಕರಾರಿಲ್ಲ.

ತೆರೆದ ಶಂಕುವಿನ ತೊಡಕು

ಅತಿ ಅಗ್ಗದ ಜೋಡಣೆಗಳಲ್ಲಿ ಪೆಟ್ಟಿಗೆಯೇ ಇರುವುದಿಲ್ಲ. ಫಿಲ್ಟರ್ ಬಾನೆಟ್ಟಿನೊಳಗೆ, ಎಂಜಿನ್ನಿನ ಪಕ್ಕದಲ್ಲಿ ಬಯಲಿಗೆ ನಿಂತಿರುತ್ತದೆ. ಸಂಚಾರದಲ್ಲಿ ಸಿಕ್ಕಿಕೊಂಡಾಗ ಅಲ್ಲಿನ ಗಾಳಿ ಹೊರಗಿನದಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಬಿಸಿಯಾಗಿರುವುದುಂಟು. 30ರ ಬದಲು 60 ಡಿಗ್ರಿಯ ಗಾಳಿ ಟರ್ಬೊಗೆ ಹೋದರೆ, ಮೇಲಿನ ಲೆಕ್ಕದಂತೆ, ಎಂಜಿನ್ನಿನ ಬಾಗಿಲಲ್ಲಿ 58ರ ಬದಲು 70 ಡಿಗ್ರಿ ಆಗುತ್ತದೆ. ಸಾಂದ್ರತೆ ಶೇ 3ಕ್ಕಿಂತ ಹೆಚ್ಚು ಕುಸಿಯುತ್ತದೆ. ಹಣ ಕೊಟ್ಟು ಬಿಸಿ ಗಾಳಿಯನ್ನು ಕೊಂಡಂತಾಯಿತು. ಮಾರಾಟಗಾರರು ತೋರಿಸುವ ಬಲದ ನಕ್ಷೆಗಳನ್ನು ನೋಡುವಾಗ, ಅಳತೆಯ ಹೊತ್ತಿಗೆ ಬಾನೆಟ್ ತೆರೆದಿತ್ತೇ, ಮುಂದೆ ದೊಡ್ಡ ಫ್ಯಾನ್ ಇಟ್ಟಿದ್ದರೇ ಎಂದು ಕೇಳಬೇಕು. ರಸ್ತೆಯಲ್ಲಿ ನಾವು ಬಾನೆಟ್ ತೆರೆದು ಓಡಿಸುವುದಿಲ್ಲ.

ಆದುದರಿಂದ ಕೊಳ್ಳುವುದೇ ಆದರೆ ಮುಚ್ಚಿದ ಪೆಟ್ಟಿಗೆಯಿರುವ, ಪೆಟ್ಟಿಗೆಯ ಬಾಯಿ ಮುಂಭಾಗದ ಜಾಲರಿಗೆ ಕೊಳವೆಯಿಂದ ಜೋಡಿಸಲ್ಪಡುವ ಮಾದರಿಯನ್ನೇ ನೋಡಬೇಕು. ಮೂರು ಕಡೆ ತಗಡು ನಿಲ್ಲಿಸಿ ಶಾಖರಕ್ಷೆ ಎಂದು ಕರೆಯುವುದು ಅರ್ಧ ಪರಿಹಾರ; ತಗಡಿನ ಮೇಲಂಚಿನ ರಬ್ಬರ್ ಬಾನೆಟ್ಟಿಗೆ ತಾಗಿ ಮುಚ್ಚಿಕೊಳ್ಳದಿದ್ದರೆ ಅದರಿಂದ ಪ್ರಯೋಜನ ಅಲ್ಪ. ನಳಿಕೆ ಅಲ್ಯೂಮಿನಿಯಮ್ಮಿನದೋ ಪ್ಲಾಸ್ಟಿಕ್ಕಿನದೋ ಎಂಬ ಚರ್ಚೆಗೆ ಅಷ್ಟು ಬೆಲೆಯಿಲ್ಲ. ನೂರು ಚಿಲ್ಲರೆ ಅಶ್ವಶಕ್ತಿಯ ಎಂಜಿನ್ನು ಪೂರ್ಣ ಬಲದಲ್ಲಿ ನಿಮಿಷಕ್ಕೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಗಾಳಿ ಎಳೆಯುತ್ತದೆ. 65 ಮಿಲಿಮೀಟರ್ ವ್ಯಾಸದ, ಅರ್ಧ ಮೀಟರ್ ಉದ್ದದ ನಳಿಕೆಯನ್ನು ಆ ಗಾಳಿ ಸೆಕೆಂಡಿನ ನಲವತ್ತನೆಯ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಕಾಯಲು ಸಮಯವೇ ಇರುವುದಿಲ್ಲ.

ಧೂಳು

ನಮ್ಮ ಮಟ್ಟಿಗೆ ಆಯ್ಕೆಯ ಮೊದಲ ಮಾನದಂಡ ಬಲವಲ್ಲ, ಸೋಸುವಿಕೆ. ಜತ್ತ, ಅಕ್ಕಲಕೋಟೆಗಳ ಎರೆಮಣ್ಣಿನ ಧೂಳು, ಮಡಕಶಿರಾ ಕಡೆಯ ಕೆಂಪು ಧೂಳು, ಕಾಸರಗೋಡಿನ ಮುರಕಲ್ಲಿನ ಹುಡಿ, ಯಾವುದಾದರೂ ಸರಿ, ಟರ್ಬೊಗೆ ಶತ್ರುವೇ. ಕಂಪ್ರೆಸರ್ ಚಕ್ರ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಅದರ ಎಸಳುಗಳ ಅಂಚು ತೆಳ್ಳಗಿರುತ್ತದೆ. ಅಂತಹ ವೇಗದಲ್ಲಿ ಬಡಿಯುವ ಮರಳಿನ ಕಣ ಅಂಚನ್ನು ಸವೆಸುತ್ತದೆ. ಅಲ್ಲಿಂದ ದಾಟಿದ ಧೂಳು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ನಿನ ಬಳೆಗಳನ್ನೂ ಉಜ್ಜುತ್ತದೆ. ಪರಿಣಾಮ ಮೊದಲ ವರ್ಷ ಕಾಣುವುದಿಲ್ಲ. ಎಂಜಿನ್ ಆಯಿಲ್ ಕುಡಿಯತೊಡಗಿದಾಗ ಕಾಣುತ್ತದೆ.

ಫಿಲ್ಟರುಗಳನ್ನು ಪರೀಕ್ಷಿಸುವ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 5011. ಅಳತೆ ಮಾಡಿದ ಧೂಳನ್ನು ಫಿಲ್ಟರಿಗೆ ಉಣಿಸಿ, ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು, ಗಾಳಿಗೆ ಎಷ್ಟು ತಡೆಯಾಯಿತು ಎಂದು ಅದರ ಪ್ರಕಾರ ಲೆಕ್ಕ ಹಾಕುತ್ತಾರೆ. ಕೊಳ್ಳುವ ವಸ್ತುವಿಗೆ ಈ ಮಾನಕದ ಫಲಿತಾಂಶ ಪ್ರಕಟವಾಗಿದೆಯೇ ಎಂದು ವಿಚಾರಿಸಿರಿ. ಶೇಕಡಾವಾರನ್ನು ಓದುವಾಗ ಒಂದು ಎಚ್ಚರ: ಶೇ 99.5 ಮತ್ತು ಶೇ 98 ಎರಡೂ ಒಳ್ಳೆಯ ಅಂಕಗಳಂತೆ ಕಾಣುತ್ತವೆ. ಆದರೆ ನೂರು ಗ್ರಾಂ ಧೂಳಿನಲ್ಲಿ ಮೊದಲನೆಯದು ಅರ್ಧ ಗ್ರಾಂ ಬಿಟ್ಟರೆ ಎರಡನೆಯದು ಎರಡು ಗ್ರಾಂ ಬಿಡುತ್ತದೆ. ಎಂಜಿನ್ನಿನ ಪಾಲಿಗೆ ಅದು ನಾಲ್ಕು ಪಟ್ಟು.

ಬಗೆಗಳು ಮುಖ್ಯವಾಗಿ ಮೂರು. ಕಾಗದದ್ದು ಚೆನ್ನಾಗಿ ಸೋಸುತ್ತದೆ, ಅಗ್ಗ, ಕೊಳೆಯಾದರೆ ಎಸೆಯಬೇಕು. ಅಮೆರಿಕದ ಕೆ ಆ್ಯಂಡ್ ಎನ್, ಇಟಲಿಯ ಬಿಎಂಸಿ ಕಂಪನಿಗಳಿಂದ ಹೆಸರಾದ, ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಗಾಳಿಗೆ ಕಡಿಮೆ ತಡೆಯೊಡ್ಡುತ್ತದೆ, ತೊಳೆದು ಮತ್ತೆ ಬಳಸಬಹುದು. ಆದರೆ ಸಣ್ಣ ಕಣಗಳನ್ನು ಹಿಡಿಯುವುದರಲ್ಲಿ ಒಳ್ಳೆಯ ಕಾಗದಕ್ಕೆ ಸಾಮಾನ್ಯವಾಗಿ ಸಮನಾಗುವುದಿಲ್ಲ, ತೊಳೆದ ಮೇಲೆ ಎಣ್ಣೆಯ ಪ್ರಮಾಣವೂ ಸರಿಯಾಗಿರಬೇಕು. ಮೂರನೆಯದು ಎಣ್ಣೆ ಬೇಡದ ಕೃತಕ ನಾರಿನದು. ಧೂಳಿನ ಸೀಮೆಯವರು ತೊಳೆಯುವ ಫಿಲ್ಟರೇ ಬೇಕೆಂದರೆ ನಾವು ಇದರತ್ತ ಬೆರಳು ತೋರುತ್ತೇವೆ. ಕರಾವಳಿಯವರಿಗೆ ಇನ್ನೊಂದು ಕಿವಿಮಾತು: ತೊಳೆದ ಹತ್ತಿಯ ಫಿಲ್ಟರ್ ತಾನಾಗಿ ಒಣಗಬೇಕು, ಬಿಸಿಗಾಳಿ ಊದಬಾರದು. ಆಟಿಯ ಮಳೆಯಲ್ಲಿ ಅದು ಯಾವಾಗ ಒಣಗೀತೆಂದು ಹೇಳುವಂತಿಲ್ಲ. ತೊಳೆಯುವುದಿದ್ದರೆ ಮೇ ತಿಂಗಳಲ್ಲಿಯೇ ಮುಗಿಸಿಕೊಳ್ಳುವುದು ಲೇಸು.

ನಳಿಕೆಗೆ ಸೇರುವ ಕಿರುದಾರಿಗಳು

ಟರ್ಬೊಗೆ ಹೋಗುವ ನಳಿಕೆ ಬರೀ ನಳಿಕೆಯಲ್ಲ. ಎಂಜಿನ್ನಿನ ತಳದ ಆವಿಯನ್ನು ಹಿಂದಕ್ಕೆ ತರುವ ಉಸಿರುಗೊಳವೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಆವಿಯ ಕೊಳವೆ ಮತ್ತು ಟರ್ಬೊದ ಹೆಚ್ಚುವರಿ ಗಾಳಿ ಹಿಂತಿರುಗುವ ಕೊಳವೆ ಅದಕ್ಕೆ ಸೇರುತ್ತವೆ. ಎಲ್ಲ ಕಾರಿಗೂ ಹೊಂದುತ್ತದೆ ಎಂದು ಮಾರುವ ನಳಿಕೆಯಲ್ಲಿ ಇವಕ್ಕೆ ಸ್ಥಾನವಿರುವುದಿಲ್ಲ. ಆಗ ಮೆಕ್ಯಾನಿಕ್ಕು ಉಸಿರುಗೊಳವೆಯ ತುದಿಗೆ ಸಣ್ಣ ಫಿಲ್ಟರ್ ಸಿಕ್ಕಿಸಿ ಬಯಲಿಗೆ ಬಿಡುತ್ತಾನೆ. ಎಣ್ಣೆಯ ವಾಸನೆ ಕಾರಿನೊಳಗೆ ಬರುತ್ತದೆ, ವಾಯುಮಾಲಿನ್ಯವೂ ಆಗುತ್ತದೆ. ನಿಮ್ಮ ಎಂಜಿನ್ನಿಗೆಂದೇ ಮಾಡಿದ, ಪ್ರತಿಯೊಂದು ಕೊಳವೆಗೂ ಜಾಗವಿರುವ ಜೋಡಣೆಯಲ್ಲದೆ ಬೇರೆಯದನ್ನು ಮುಟ್ಟಬಾರದು.

ಗಾಳಿಯನ್ನು ಅಳೆಯುವ ವಿಧಾನವನ್ನೂ ತಿಳಿದಿರಬೇಕು. ಕೆಲವು ಕಾರುಗಳಲ್ಲಿ ಫಿಲ್ಟರಿನ ಬಳಿಯೇ ಕಾದ ತಂತಿಯ ಸಂವೇದಕವಿರುತ್ತದೆ. ಹರಿಯುವ ಗಾಳಿ ತಂತಿಯನ್ನು ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ಪ್ರಮಾಣವನ್ನು ಅದು ಊಹಿಸುತ್ತದೆ. ಈ ಲೆಕ್ಕ ಕಂಪನಿಯ ನಳಿಕೆಯ ವ್ಯಾಸಕ್ಕೆ ಹೊಂದಿಸಿದ್ದು. ಆ ಜಾಗದಲ್ಲಿ ನಳಿಕೆ ಅಗಲವಾದರೆ ಅದೇ ಗಾಳಿ ನಿಧಾನವಾಗಿ ಹರಿದು ಅಳತೆ ತಪ್ಪುತ್ತದೆ, ಪೆಟ್ರೋಲಿನ ಪ್ರಮಾಣವೂ ತಪ್ಪುತ್ತದೆ. ಫಿಲ್ಟರಿನ ಹೆಚ್ಚುವರಿ ಎಣ್ಣೆ ತಂತಿಗೆ ಅಂಟಿದರೂ ಅದೇ ಪಾಡು. ಎಂಜಿನ್ನಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಬೇರೆ ಕೆಲವು ಕಾರುಗಳು ಎಂಜಿನ್ನಿನ ಬಾಗಿಲಿನ ಒತ್ತಡ ಮತ್ತು ಉಷ್ಣತೆಗಳಿಂದ ಲೆಕ್ಕ ಹಾಕುವುದರಿಂದ ಈ ತೊಂದರೆ ಅವಕ್ಕಿಲ್ಲ. ನಿಮ್ಮದು ಯಾವ ಬಗೆ ಎಂದು ಸರ್ವಿಸ್ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಡೀಸೆಲ್ ಕಾರಿನವರಿಗೆ ನಮ್ಮ ಉತ್ತರ ಚಿಕ್ಕದು: ಬೇಡ. ಅಲ್ಲಿ ಬಲವನ್ನು ನಿರ್ಧರಿಸುವುದು ಇಂಧನದ ಪ್ರಮಾಣ, ಗಾಳಿ ಹೇಗೂ ಹೆಚ್ಚೇ ಇರುತ್ತದೆ.

ನೀರು

ಕೆಲವು ಜೋಡಣೆಗಳು ತಣ್ಣನೆಯ ಗಾಳಿಗಾಗಿ ಫಿಲ್ಟರನ್ನು ಮುಂದಿನ ಚಕ್ರದ ಮುಂದೆ, ಬಂಪರಿನೊಳಗೆ ಕೆಳಗಿಳಿಸುತ್ತವೆ. ಗಾಳಿಯ ದೃಷ್ಟಿಯಿಂದ ಸರಿ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನಲ್ಲಿ ಅದು ಅವಿವೇಕ.

ನೀರು ಗಾಳಿಯಂತೆ ಒತ್ತಿಸಿಕೊಳ್ಳುವುದಿಲ್ಲ. ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಪಾಲು 333 ಮಿಲಿಲೀಟರ್. ಸಂಪೀಡನ ಅನುಪಾತ 10.5 ಇದ್ದರೆ, ಪಿಸ್ಟನ್ ಮೇಲಿನ ತುದಿಗೆ ಬಂದಾಗ ಉಳಿಯುವ ಜಾಗ ಸುಮಾರು 35 ಮಿಲಿಲೀಟರ್, ಅಂದರೆ ಮೂರು ದೊಡ್ಡ ಚಮಚದಷ್ಟೂ ಇಲ್ಲ. ಅದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ಮೇಲೇರಲಾರದು. ಅದನ್ನು ತಳ್ಳುವ ಉಕ್ಕಿನ ದಂಡವೇ ಬಾಗುತ್ತದೆ. ಸರ್ವಿಸ್ ರಸ್ತೆಯಲ್ಲೋ ಅಂಡರ್‌ಪಾಸಿನಲ್ಲೋ ಮೊಣಕಾಲಿನವರೆಗೆ ನೀರು ನಿಂತ ದಿನ, ಕಂಪನಿಯ ಇಂಟೇಕ್‌ನ ಬಾಯಿ ನೀರಿನಿಂದ ಮೇಲೆ ಇರುತ್ತದೆ, ಬಂಪರಿನೊಳಗಿನ ಫಿಲ್ಟರ್ ಮುಳುಗಿರುತ್ತದೆ.

ನಮ್ಮ ಪರಿಚಯದ ಒಂದು ಮನೆಯಲ್ಲಿ ನಡೆದದ್ದು ಹೀಗೆಯೇ. ಜೂನ್ ತಿಂಗಳ ಒಂದು ಮುಂಜಾನೆ, ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ಕಾರು ನಿಂತ ನೀರಿನಲ್ಲಿ ಸ್ತಬ್ಧವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಎಂಜಿನ್ ಉಳಿಯುತ್ತಿತ್ತೋ ಏನೋ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೆಂದು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರು. ದುರಸ್ತಿಯ ಅಂದಾಜು ಲಕ್ಷ ದಾಟಿತು. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವನ್ನು ತೆಗೆದುಕೊಂಡಿರಲಿಲ್ಲ. ಇಂಟೇಕ್ ಬದಲಿಸಿದ್ದನ್ನು ತಿಳಿಸಿಯೂ ಇರಲಿಲ್ಲ. ಆ ಮಳೆಗಾಲ ಮುಗಿಯುವವರೆಗೂ ಮಕ್ಕಳು ಎರಡು ಬಸ್ಸು ಬದಲಿಸಿ ಶಾಲೆಗೆ ಹೋದರು. ನೀರಿನಲ್ಲಿ ಕಾರು ನಿಂತರೆ ಮತ್ತೆ ಕೀಲಿ ತಿರುಗಿಸಬೇಡಿ, ಎಳೆಸಿಕೊಂಡು ಹೋಗಿರಿ. ಇಂಟೇಕ್ ಯಾವುದೇ ಇರಲಿ, ಈ ನಿಯಮ ಒಂದೇ.

ಕಾನೂನು, ವಿಮೆ, ವಾರಂಟಿ

ಗಡಿಯ ಈಚೆಗೂ ಆಚೆಗೂ ಇರುವುದು ಒಂದೇ ಕೇಂದ್ರ ಕಾನೂನು. ನೋಂದಣಿ ಕೆಎಲ್ 14 ಇರಲಿ, ಟಿಎನ್ 70 ಇರಲಿ, ಎಂಎಚ್ 13 ಇರಲಿ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅನ್ವಯಿಸುತ್ತದೆ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದೆಂದು ಅದು ಹೇಳುತ್ತದೆ. ಈ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ನೀಡಿದ ತೀರ್ಪು ಕೇರಳದಿಂದಲೇ ಹೋದ ಪ್ರಕರಣದ್ದು. ಬದಲಾವಣೆಗೆ ಸಡಿಲ ಅರ್ಥ ಕೊಟ್ಟಿದ್ದ ಹೈಕೋರ್ಟಿನ ತೀರ್ಪನ್ನು ಅದು ರದ್ದುಪಡಿಸಿತು. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ 4ನೆಯ ಉಪಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲಿಕನಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ದಂಡ ಬೀಳುವುದು ಮಾಲಿಕನ ಮೇಲೆ ಎಂಬುದನ್ನು ಗಮನಿಸಬೇಕು. ಇಂಟೇಕ್ ಹಾಕಿಸಿದ್ದು ಮಗನಾದರೂ ನೋಂದಣಿ ತಂದೆಯ ಹೆಸರಿನಲ್ಲಿದ್ದರೆ ನೋಟೀಸು ತಂದೆಗೇ ಬರುತ್ತದೆ.

ನೋಂದಣಿ ಪತ್ರದಲ್ಲಿ ಇಂಟೇಕ್‌ಗೆಂದು ಕಲಂ ಇಲ್ಲ ಎಂದು ವಾದಿಸುವವರಿದ್ದಾರೆ. ವಾದಕ್ಕೆ ಎಡೆಯಿರಬಹುದು. ಆದರೆ ಹೊರಗಿನ ಭಾಗವನ್ನು ಅಳವಡಿಸುವುದೂ ಬದಲಾವಣೆಯೇ ಎಂದು ಹೊಸ ಕಲಮು ಸ್ಪಷ್ಟವಾಗಿ ಹೇಳುತ್ತದೆ, ರಸ್ತೆಯ ಬದಿಯಲ್ಲಿ ವ್ಯಾಖ್ಯಾನ ಮಾಡುವುದು ಅಧಿಕಾರಿ. ಹೊಗೆ ತಪಾಸಣೆಯ ಪ್ರಮಾಣಪತ್ರ ಸಿಕ್ಕಿತೆಂದ ಮಾತ್ರಕ್ಕೆ ಬದಲಾವಣೆ ಸಕ್ರಮವಾಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೊಗೆಯ ಪರೀಕ್ಷೆಗೊಳಪಟ್ಟ ಇಂಟೇಕ್‌ಗಳಿಗೆ ಇಒ ಸಂಖ್ಯೆ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ಅದಿದ್ದರೆ ವಸ್ತು ಪರೀಕ್ಷೆಯಾಗಿದೆ ಎಂಬ ಭರವಸೆಗೆ ಸಾಕು; ಭಾರತದಲ್ಲಿ ಅದು ಪರವಾನಗಿಯಲ್ಲ.

ಕಾರು ವಾರಂಟಿಯಲ್ಲಿದ್ದರೆ ಪೆಟ್ಟಿಗೆಯನ್ನು ಮುಟ್ಟದಿರುವುದೇ ಕ್ಷೇಮ. ಬದಲಾವಣೆಯಿಂದಾದ ಹಾನಿಯನ್ನು ವಾರಂಟಿ ಪತ್ರಗಳು ಸಾಮಾನ್ಯವಾಗಿ ಹೊರಗಿಟ್ಟಿರುತ್ತವೆ, ಟರ್ಬೊ ಹಾಳಾದಾಗ ಕಾರಣ ಯಾವುದೆಂದು ವಾದಿಸುವ ಹೊರೆ ನಮ್ಮ ತಲೆಯ ಮೇಲೆ ಬೀಳುತ್ತದೆ.

ಆಯ್ಕೆಯ ಹಾದಿ

ಕೇಳಿದವರಿಗೆ ನಾವು ಮೊದಲು ಹೇಳುವುದು ಇಷ್ಟು. ಕಂಪನಿಯ ಹೊಸ ಕಾಗದದ ಫಿಲ್ಟರ್ ಹಾಕಿಸಿ, ಪೆಟ್ಟಿಗೆಯ ಕ್ಲಿಪ್ಪುಗಳು ಸರಿಯಾಗಿ ಕೂತಿವೆಯೇ ನೋಡಿ, ಮುಂಭಾಗದ ಕೊಳವೆಯ ಬಾಯಲ್ಲಿ ಎಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ತೆಗೆಸಿ, ಟಯರಿನ ಗಾಳಿ ಸರಿಪಡಿಸಿ, ಎರಡು ವಾರ ಓಡಿಸಿರಿ. ಕಾರು ಮಂದವಾಗಿದೆ ಎಂಬ ದೂರು ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.

ಆಮೇಲೂ ಆಸೆ ಉಳಿದರೆ ನಡುವಿನ ದಾರಿಯೊಂದಿದೆ: ಕಂಪನಿಯ ಪೆಟ್ಟಿಗೆಯನ್ನು ಹಾಗೆಯೇ ಇಟ್ಟು, ಅದರೊಳಗೆ ಕೂರುವ ಅದೇ ಅಳತೆಯ ಚಪ್ಪಟೆ ಫಿಲ್ಟರನ್ನು ಮಾತ್ರ ಒಳ್ಳೆಯ ತಯಾರಕರದ್ದಕ್ಕೆ ಬದಲಿಸುವುದು. ಐದಾರು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ತಣ್ಣನೆಯ ಗಾಳಿಯ ದಾರಿ, ನೀರಿನಿಂದ ಎತ್ತರ, ಕೊಳವೆಗಳ ಜೋಡಣೆ ಯಾವುದೂ ಕೆಡುವುದಿಲ್ಲ. ಫಿಲ್ಟರಿನ ಅಂಚಿನ ರಬ್ಬರ್ ಸುತ್ತಲೂ ಸಮನಾಗಿ ಒತ್ತಿಕೊಳ್ಳಬೇಕು. ಒಂದು ಮೂಲೆಯಲ್ಲಿ ಕೂದಲೆಳೆಯ ಸಂದಿಯಿದ್ದರೂ ಧೂಳು ಅಲ್ಲಿಂದಲೇ ನುಗ್ಗುತ್ತದೆ. ನಕಲಿ ಮಾಲು ಮಾರುಕಟ್ಟೆಯಲ್ಲಿ ಸಾಕಷ್ಟಿರುವುದರಿಂದ ಬಿಲ್ಲು ಕೊಡದ ಅಂಗಡಿಯಿಂದ ಕೊಳ್ಳಬಾರದು.

ಪೂರ್ಣ ಜೋಡಣೆಯನ್ನೇ ಕೊಳ್ಳುವುದು ಖಚಿತವಾದರೆ, ಅದು ನಿಮ್ಮ ಎಂಜಿನ್ನಿಗೆಂದೇ ಮಾಡಿದ್ದು, ಮುಚ್ಚಿದ ಪೆಟ್ಟಿಗೆಯದು, ಗಾಳಿಯ ಬಾಯಿ ಕಂಪನಿಯದಷ್ಟೇ ಎತ್ತರದಲ್ಲಿರುವುದು, ಸೋಸುವಿಕೆಯ ಪರೀಕ್ಷಾ ಫಲಿತಾಂಶವಿರುವುದು ಆಗಿರಲಿ. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಹಣ ಮನೆಯಲ್ಲಿಯೇ ಇರಲಿ. ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿರಿ. ತೆಗೆದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಚೀಲದಲ್ಲಿ ಕಟ್ಟಿ ಅಟ್ಟದಲ್ಲಿಡಿ; ಕಾರು ಮಾರುವಾಗ ಬೇಕಾಗುತ್ತವೆ.

ಅಳವಡಿಸಿದ ಮೇಲೆ ಐನೂರು ಕಿಲೋಮೀಟರ್ ಓಡಿಸಿ, ಎಂಜಿನ್ ತಣಿದಿರುವಾಗ ಫಿಲ್ಟರನ್ನು ಬಿಚ್ಚಿಸಿ, ಟರ್ಬೊದ ಕಡೆಗೆ ಹೋಗುವ ನಳಿಕೆಯ ಒಳಗೋಡೆಯನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಿರಿ. ತುಸು ಎಣ್ಣೆಯ ಜಿಡ್ಡು ಇದ್ದರೆ ಅದು ಉಸಿರುಗೊಳವೆಯದು, ಚಿಂತೆಯಿಲ್ಲ. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ, ಬೆರಳ ನಡುವೆ ಉಜ್ಜಿದಾಗ ಮರಳು ಮರಳಾಗಿ ತಾಗಿದರೆ, ಫಿಲ್ಟರ್ ಸೋಸುತ್ತಿಲ್ಲ ಅಥವಾ ಎಲ್ಲೋ ಸಂದಿಯಿದೆ. ಅದೇ ದಿನ ಅಟ್ಟದ ಮೇಲಿನ ಚೀಲವನ್ನು ಇಳಿಸಿ ಕಂಪನಿಯ ಪೆಟ್ಟಿಗೆಯನ್ನು ಮರಳಿ ಕೂರಿಸಿರಿ.